ರಿಪೋರ್ಟ್ ನಾರ್ಮಲ್, ಭಯ ಮಾತ್ರ ಹೋಗುತ್ತಿಲ್ಲ. ನಗಿಸೋ ಸಿನಿಮಾ ಯಾವುದಿದೆ?

ಶಾಂತಿಗ್ರಾಮದವನು:

ಎಲ್ಲರಿಗೂ ನಮಸ್ಕಾರ. ಸಿನಿಮಾ ಗೊತ್ತಿರೋರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನನಗೆ ನಲವತ್ತಾರು. ಹಾಸನದಲ್ಲಿ ಮೋಟಾರು, ಪೈಪಿನ ಅಂಗಡಿ ಇದೆ. ಮನೆಯಲ್ಲಿ ಹೆಂಡತಿ, ಸೆಕೆಂಡ್ ಪಿಯುಸಿ ಓದೋ ಮಗಳು, ಎಂಬತ್ತರ ಹತ್ತಿರದ ಅಪ್ಪ. 2025ರ ಮೇ-ಜೂನ್‌ನಲ್ಲಿ ನಮ್ಮ ಜಿಲ್ಲೆ ಹೇಗಿತ್ತು ಅಂತ ಬೇರೆ ಊರಿನವರಿಗೂ ಗೊತ್ತು. ಟಿವಿ ಹಾಕಿದರೆ ಹಾಸನ, ಹೃದಯಾಘಾತ, ಇಷ್ಟನೇ ಸಾವು ಅಂತ ಎಣಿಕೆ. ಜನ ಮೈಸೂರಿನ ಜಯದೇವದ ಮುಂದೆ ಹೋಗಿ ಕ್ಯೂ ನಿಂತರು. ಆಮೇಲೆ ಜುಲೈನಲ್ಲಿ ಸರ್ಕಾರದ ಸಮಿತಿ ವರದಿ ಬಂತು. 24 ಸಾವು ಪರಿಶೀಲಿಸಿದ್ದರು, ಅದರಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು, ಹೆದರೋ ಅಂಥ ಏರಿಕೆ ಏನೂ ಇಲ್ಲ ಅಂದರು. ಓದಿದೆ, ಒಪ್ಪಿಕೊಂಡೆ. ರಾತ್ರಿ ಹನ್ನೊಂದರ ಮೇಲೆ ಆ ಒಪ್ಪಿಗೆ ಕೆಲಸಕ್ಕೆ ಬರುವುದಿಲ್ಲ. 2021ರಲ್ಲಿ ಅಪ್ಪು ಹೋದಾಗ ಅವರಿಗೂ 46 ಅನ್ನೋದು ಆಗ ನನಗೆ ಬರೀ ನಂಬರ್ ಆಗಿತ್ತು, ಈಗ ಅಲ್ಲ.

ಇಸಿಜಿ, ಎಕೋ, ಟಿಎಂಟಿ ಎಲ್ಲ ಮಾಡಿಸಿದ್ದಾಯಿತು. ನಾರ್ಮಲ್. ಡಾಕ್ಟರು "ಹೊಟ್ಟೆ ಕರಗಿಸಿ, ಆರಾಮಾಗಿರಿ" ಅಂದರು. ಹೊರಗೆ ಬಂದು ಟೀ ಕುಡಿಯೋವರೆಗೆ ಖುಷಿಯಾಗಿದ್ದೆ. ಲೋಟ ಕೆಳಗಿಡುವಾಗ ಅನ್ನಿಸಿತು, ಸರಿ, ಈ ಸಲ ಇಲ್ಲ, ಮುಂದಿನ ಸಲ? ಈಗ ರಾತ್ರಿ ಎಡಗೈ ಜೋಮು ಹಿಡಿದರೆ ಎದ್ದು ಕೂರುತ್ತೇನೆ. ಹೆಂಡತಿ "ಕೈ ಮೇಲೆ ಮಲಗಿದ್ರಿ, ಅದಕ್ಕೆ" ಅಂತ ಹೇಳಿ ಆ ಕಡೆ ತಿರುಗಿ ಮಲಗುತ್ತಾಳೆ. ಅಪ್ಪ ಇನ್ನೂ ಮೇಲು. ಬೆಳಗ್ಗೆ ಪೇಪರ್ ಬಂದ ತಕ್ಷಣ ಶ್ರದ್ಧಾಂಜಲಿ ಜಾಹೀರಾತು ಹುಡುಕಿ, ಅದರಲ್ಲಿ ತನಗಿಂತ ಚಿಕ್ಕವರು ಎಷ್ಟು ಜನ ಅಂತ ಲೆಕ್ಕ ಹಾಕಿ, ಆಮೇಲೆ ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಳ್ಳುತ್ತಾರೆ.

ವಿಷಯ ಏನಪ್ಪಾ ಅಂದರೆ, ಈ ವಯಸ್ಸು, ಈ ಮನೆ, ಈ ಭಯ, ಮೂರನ್ನೂ ಇಟ್ಟುಕೊಂಡು ನಗಿಸೋ ಸಿನಿಮಾ ಬೇಕು. ಆಸ್ಪತ್ರೆ ಹಾಸಿಗೆ ಪಕ್ಕ ಕೂತು ಅಳೋದು ಬೇಡ. ಮನೆಯವರೆಲ್ಲ ಕೂತು ನೋಡೋ ಹಾಗಿದ್ದರೆ ಒಳ್ಳೆಯದು, ಕನ್ನಡದ್ದಾದರೆ ಇನ್ನೂ ಒಳ್ಳೆಯದು. "ಸಾವಿನ ವಿಷಯದಲ್ಲಿ ಏನ್ರೀ ತಮಾಷೆ" ಅಂತ ಹೆಂಡತಿ ಈಗಾಗಲೇ ಬೈದಿದ್ದಾಳೆ, ಅದಕ್ಕೂ ಏನಾದರೂ ಉತ್ತರ ಇದ್ದರೆ ಹೇಳಿ.

---

ಚನ್ರಾಯಪಟ್ಟಣ ಲೋಕಲ್:

ಇದನ್ನ ಕೇಳಬೇಕಾ ಅಣ್ಣ? 'ತಿಥಿ'. ನಿಮ್ಮ ಮನೆಯಲ್ಲಿ ಮೂರು ತಲೆಮಾರು ಇದೆ, ಅದರಲ್ಲೂ ಅಷ್ಟೇ, ಇನ್ನೊಂದು ಜಾಸ್ತಿ.

ನೋಡಿಲ್ಲದವರಿಗೆ ಹೇಳುತ್ತೇನೆ, ಕಥೆ ಪೂರ್ತಿ ಬಿಡಲ್ಲ. ರಾಮ್ ರೆಡ್ಡಿ ನಿರ್ದೇಶನ, ಬರವಣಿಗೆಯಲ್ಲಿ ಈರೇಗೌಡರು ಜೊತೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ನಟಿಸಿದವರು ಹೆಚ್ಚಿನವರು ಕ್ಯಾಮೆರಾ ಮುಂದೆ ಯಾವತ್ತೂ ನಿಂತವರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡು, ಆಮೇಲೆ 2016ರ ಮೇನಲ್ಲಿ ನಮ್ಮ ಥಿಯೇಟರಿಗೆ ಬಂತು. ಶುರುವಿನಲ್ಲೇ ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಪಕ್ಕ ಕೂತು ಹೋಗೋರನ್ನೆಲ್ಲ ಬಾಯಿಗೆ ಬಂದಂಗೆ ಬೈದು, ಎದ್ದು ಮೂತ್ರಕ್ಕೆ ಹೋಗಿ, ಅಲ್ಲೇ ಬಿದ್ದು ಹೋಗುತ್ತಾನೆ. ಅಷ್ಟೇ. ಮ್ಯೂಸಿಕ್ಕು, ಕಣ್ಣೀರು ಏನೂ ಇಲ್ಲ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗೆ ಕಥೆ.

ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದು ದೊಡ್ಡ ವಿಷಯವೇ ಅಲ್ಲ. ಟೈಗರ್ ಬ್ರಾಂದಿ ಇದ್ದರೆ ಸಾಕು, ಹೊಲದ ಕಡೆ ನಡೆದುಕೊಂಡು ಹೋಗುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ. ಮರಿಮಗ ಅಭಿಗೆ ಕುರಿ ಕಾಯೋ ಹುಡುಗಿ ಚಿಂತೆ. ನಾನು 2016ರಲ್ಲಿ ನೋಡಿದಾಗ ಅಭಿ ವಯಸ್ಸಿಗೆ ಹತ್ತಿರ ಇದ್ದೆ, ಅವನ ಸೀನಿಗೆಲ್ಲ ಬಿದ್ದು ಬಿದ್ದು ನಕ್ಕಿದ್ದೆ. ಮೊನ್ನೆ ಮತ್ತೆ ಹಾಕಿದರೆ ಕಣ್ಣು ತಮ್ಮಣ್ಣನ ಮೇಲೇ ಇತ್ತು. ಪಾಪ, ಇಡೀ ಸಿನಿಮಾದಲ್ಲಿ ಕೂತು ಉಸಿರು ಬಿಡೋದಿಲ್ಲ ಆ ಮನುಷ್ಯ. ಊಟಕ್ಕೆ ಎಷ್ಟು ಜನ, ಕುರಿ ಎಲ್ಲಿಂದ, ಸಾಲ ಯಾರ ಹತ್ತಿರ, ಅಪ್ಪ ಎಲ್ಲಿ ಹೋದ, ಮಗ ಎಲ್ಲಿ ಹೋದ. ಜಮೀನು ತಾತನ ಹೆಸರಲ್ಲಿದೆ, ಈಗ ಗಡ್ಡಪ್ಪನಿಗೆ ಬರಬೇಕು, ಗಡ್ಡಪ್ಪನಿಗೆ ಬೇಡ. ಬೇಡ ಅನ್ನೋನ ಕೈಲಿ ಸಹಿ ಹಾಕಿಸೋದು ಬೇಕು ಅನ್ನೋನ ಕೈಲಿ ಹಾಕಿಸೋದಕ್ಕಿಂತ ಕಷ್ಟ. ಕೊನೆಗೆ ಬದುಕಿರೋ ಅಪ್ಪನಿಗೇ ಮರಣ ಪ್ರಮಾಣ ಪತ್ರ ಮಾಡಿಸಿ, ದೇಶ ಸುತ್ತಿಕೊಂಡು ಬಾ ಅಂತ ದುಡ್ಡು ಕೊಟ್ಟು ಕಳಿಸುತ್ತಾನೆ. ಅಪ್ಪ ಹೋದನಾ ಇಲ್ಲವಾ ಅನ್ನೋದು ನೀವೇ ನೋಡಿ.

ಅಕ್ಕನಿಗೆ ಹೇಳಿ, ಇದರಲ್ಲಿ ಸಾವಿನ ತಮಾಷೆ ಇಲ್ಲ. ಸತ್ತ ಮೇಲೆ ಬದುಕಿರೋರು ಬೀಳೋ ಪಾಡಿನ ತಮಾಷೆ. ನಮ್ಮ ಕಡೆ ಯಾರ ಮನೆ ತಿಥಿಗೆ ಹೋಗಿ ನೋಡಿ, ಒಳಗೆ ಹೆಂಗಸರು ಅಳುತ್ತಿರುತ್ತಾರೆ, ಹಿತ್ತಲಲ್ಲಿ ಅಡುಗೆ ಭಟ್ಟರು ಮುದ್ದೆ ಸಾಲುತ್ತೋ ಇಲ್ಲವೋ ಅಂತ ಜಗಳ ತೆಗೆದಿರುತ್ತಾರೆ. ಎರಡೂ ನಿಜವೇ ತಾನೆ?

---

ರೋಬಸ್ಟಾ ಕುಡಿಯೋನು (ಚಿಕ್ಕಮಗಳೂರು):

'ತಿಥಿ' ಒಳ್ಳೆ ಸಿನಿಮಾ, ತಕರಾರಿಲ್ಲ. ಆದರೆ ಅವರು ಕೇಳಿದ್ದು ಅದಲ್ಲ ಮಾರಾಯ್ರೆ. ಅದರಲ್ಲಿ ಸಾವಿಗೆ ಹೆದರೋನು ಒಬ್ಬನಾದರೂ ಇದ್ದಾನಾ? ತಮ್ಮಣ್ಣ ಹೆದರೋದು ಪಹಣಿಗೆ, ಅಂದರೆ ಜಮೀನಿನ ದಾಖಲೆಗೆ. ಇವರ ಸಮಸ್ಯೆ ಏನು? ರಿಪೋರ್ಟ್ ಚೆನ್ನಾಗಿ ಬಂದ ಮೇಲೆ ಭಯ ಶುರುವಾಗಿದೆ. ಅದನ್ನ ಹಾಗೆ ಹಾಗೇ ತೋರಿಸಿದ ಸಿನಿಮಾ ಒಂದಿದೆ, ಇಂಗ್ಲಿಷಿಂದು. 'ಹ್ಯಾನಾ ಆ್ಯಂಡ್ ಹರ್ ಸಿಸ್ಟರ್ಸ್', 1986, ವುಡಿ ಆ್ಯಲನ್. (ಆ ನಿರ್ದೇಶಕನ ಸ್ವಂತ ಬದುಕಿನ ರಾದ್ಧಾಂತ ನನಗೂ ಗೊತ್ತು, ಅದರ ಬಗ್ಗೆ ಬೇರೆ ಕಡೆ ಜಗಳ ಮಾಡೋಣ.)

ನ್ಯೂಯಾರ್ಕಿನ ಮೂವರು ಅಕ್ಕತಂಗಿಯರ ಮನೆ ಕಥೆ. ಹಿರಿಯಳ ಮಾಜಿ ಗಂಡ ಮಿಕ್ಕಿ, ಟಿವಿಯಲ್ಲಿ ಕೆಲಸ. ಈತನಿಗೆ ಇಲ್ಲದ ಕಾಯಿಲೆ ಹುಡುಕಿಕೊಳ್ಳೋ ಚಟ. ಒಂದು ಕಿವಿ ಸ್ವಲ್ಪ ಮಂದ ಅಂತ ಡಾಕ್ಟರ ಹತ್ತಿರ ಹೋಗುತ್ತಾನೆ, ಅವರು ಇನ್ನೊಂದೆರಡು ಟೆಸ್ಟ್ ಮಾಡೋಣ ಅನ್ನುತ್ತಾರೆ, ಇವನು ಮೆದುಳಲ್ಲಿ ಗಡ್ಡೆ ಅಂತ ತೀರ್ಮಾನ ಮಾಡಿಬಿಡುತ್ತಾನೆ. ಸ್ಕ್ಯಾನ್ ಎಲ್ಲ ಆಗಿ ಏನೂ ಇಲ್ಲ ಅಂತ ಬರುತ್ತದೆ. ಆಸ್ಪತ್ರೆಯಿಂದ ಹೊರಗೆ ಬಂದವನು ರಸ್ತೆಯಲ್ಲಿ ಕುಣಿದುಕೊಂಡು ಓಡುತ್ತಾನೆ, ಓಡುತ್ತಾ ಓಡುತ್ತಾ ತಟ್ಟನೆ ನಿಂತುಬಿಡುತ್ತಾನೆ. ಮುಖ ನೋಡಬೇಕು ಆಗ. ಇವತ್ತು ಸಾಯಲ್ಲ, ಸರಿ. ಯಾವತ್ತೋ ಒಂದು ದಿನ ಸಾಯೋದು ಗ್ಯಾರಂಟಿ ಅಲ್ವಾ ಅಂತ ಅಲ್ಲಿ ಹೊಳೆಯುತ್ತದೆ. ನಿಮ್ಮ ಟೀ ಲೋಟ ಓದಿದಾಗ ನನಗೆ ನೆನಪಾದದ್ದು ಇದೇ.

ಆಮೇಲೆ ಕೆಲಸ ಬಿಟ್ಟು ದೇವರನ್ನ ಹುಡುಕೋಕೆ ಹೊರಡುತ್ತಾನೆ. ಹುಟ್ಟಿದ್ದು ಯಹೂದಿ, ಕ್ಯಾಥೊಲಿಕ್ ಆಗುತ್ತೇನೆ ಅಂತ ಹೋಗುತ್ತಾನೆ, ಅಲ್ಲಿ ಆಗದೆ ಪಾರ್ಕಿನಲ್ಲಿ ಹರೇ ಕೃಷ್ಣದವರನ್ನ ವಿಚಾರಿಸುತ್ತಾನೆ. ಮಿಕ್ಕಿ ಅಪ್ಪನದೊಂದು ಸಣ್ಣ ಸೀನ್ ಇದೆ, ನಿಮ್ಮ ಚಿತ್ರಾನ್ನದ ಅಪ್ಪನಿಗೆ ಅಣ್ಣನೇ ಇರಬೇಕು. ಸಾಯೋಕೆ ಭಯ ಆಗಲ್ವಾ ಅಂತ ಮಗ ಕೇಳಿದರೆ, ಸತ್ತ ಮೇಲೆ ನನಗೆ ಗೊತ್ತೇ ಆಗಲ್ಲ, ಅದಕ್ಕೆ ಈಗಲೇ ಯಾಕೆ ತಲೆ ಕೆಡಿಸಿಕೊಳ್ಳಲಿ ಅನ್ನೋ ಧಾಟಿ. ಅಮ್ಮ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಲ್ಲಿಂದಲೇ ಕೂಗಾಡುತ್ತಾಳೆ.

ಈ ವಯಸ್ಸು ಅಂತ ಕೇಳಿದಿರಲ್ಲ, ಅದಕ್ಕೆ ಇನ್ನೊಬ್ಬ ಇದ್ದಾನೆ, ಹಿರಿಯಳ ಈಗಿನ ಗಂಡ ಎಲಿಯಟ್. ಮೈಕಲ್ ಕೇನ್ ಮಾಡಿದ್ದು, ಆಸ್ಕರ್ ಬಂತು. ನಾದಿನಿ ಮೇಲೆ ಮನಸ್ಸಾಗಿ, ಅವಳು ಬರೋ ದಾರಿ ತಿಳಿದುಕೊಂಡು, ಸುತ್ತು ಹಾಕಿ ಓಡಿ ಓಡಿ ಬಂದು, ಏದುಸಿರು ಬಿಡುತ್ತಾ, "ಅರೆ, ನೀನಾ ಇಲ್ಲಿ!" ಅನ್ನೋ ಥರ ಎದುರಿಗೆ ನಿಲ್ಲುತ್ತಾನೆ. ಒಳ್ಳೆ ಕೆಲಸ, ಒಳ್ಳೆ ಹೆಂಡತಿ ಇರೋ ಮನುಷ್ಯ ಅಷ್ಟು ದಡ್ಡನ ಹಾಗೆ ಓಡೋದನ್ನ ನೋಡಿದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ನನ್ನ ಪ್ರಕಾರ ಎಲಿಯಟ್ ಓಟ, ಮಿಕ್ಕಿ ಓಟ ಎರಡೂ ಒಂದೇ. ಟೈಮ್ ಮುಗಿಯುತ್ತಿದೆ ಅನ್ನೋ ಗಾಬರಿ. ಒಬ್ಬ ಡಾಕ್ಟರ ಹತ್ತಿರ ಓಡುತ್ತಾನೆ, ಇನ್ನೊಬ್ಬ ನಾದಿನಿ ಹತ್ತಿರ.

ಇದು ಮನೆಯವರ ಜೊತೆ ಅಲ್ಲ, ನೀವೊಬ್ಬರೇ ನೋಡಿ. ಒಂದು ಕಡೆ ಕೋವಿ ಹಿಡಿಯೋ ಸೀನ್ ಇದೆ, ಮೊದಲೇ ಹೇಳಿಬಿಡುತ್ತೇನೆ. ಅದಾದ ಮೇಲೆ ಮಿಕ್ಕಿ ಸುಮ್ನೆ ಒಂದು ಥಿಯೇಟರ್ ಒಳಗೆ ಹೋಗಿ ಕೂರುತ್ತಾನೆ, ಅಲ್ಲಿ ಮಾರ್ಕ್ಸ್ ಸಹೋದರರ ಹಳೇ ಕಾಮಿಡಿ 'ಡಕ್ ಸೂಪ್' ಓಡುತ್ತಿರುತ್ತದೆ. ಯಾವ ದೇವರೂ ಕೊಡದ ಉತ್ತರ ಅಲ್ಲಿ ಸಿಗುತ್ತದೆ. ಉತ್ತರ ಅಂದರೆ ಉತ್ತರವೂ ಅಲ್ಲ ಬಿಡಿ.

---

ಬಾಣಾವರ ಎಕ್ಸ್‌ಪ್ರೆಸ್:

'ಪೀಕು' (2015) ನೋಡಿ. ಅಮಿತಾಭ್ ಎಪ್ಪತ್ತರ ಮುದುಕ, ಮಲಬದ್ಧತೆ ಬಿಟ್ಟು ಬೇರೆ ಮಾತಿಲ್ಲ, ಮಗಳ ಜೀವ ತಿನ್ನುತ್ತಾನೆ. ದೆಹಲಿಯಿಂದ ಕೋಲ್ಕತಾಕ್ಕೆ ಕಾರಿನಲ್ಲಿ, ಮೇಲ್ಗಡೆ ಕಮೋಡ್ ಕುರ್ಚಿ ಕಟ್ಟಿಕೊಂಡು. ಇರ್ಫಾನ್ ಖಾನ್‌ಗೋಸ್ಕರವಾದರೂ ನೋಡಬೇಕು. ಊಟದ ಹೊತ್ತಲ್ಲಿ ಮಾತ್ರ ಹಾಕಬೇಡಿ.

---

ಮೂಡಿಗೆರೆ ಸೊಸೆ:

ಎಲ್ಲರೂ ಗಂಡಸರ ಭಯದ ಬಗ್ಗೆಯೇ ಬರೆದಿದ್ದೀರಿ. ಅಣ್ಣ ರಾತ್ರಿ ಎದ್ದು ಕೂತರೆ ಪಕ್ಕದಲ್ಲಿ ಎಚ್ಚರ ಆಗೋರು ಯಾರು? ಬೆಳಗ್ಗೆ ಐದೂವರೆಗೆ ಎದ್ದು ಮಗಳ ಟಿಫಿನ್, ಮಾವನ ಶುಗರ್ ಮಾತ್ರೆ ನೋಡೋರು ಯಾರು? ಅತ್ತಿಗೆ "ಕೈ ಮೇಲೆ ಮಲಗಿದ್ರಿ" ಅಂದದ್ದು ಅಸಡ್ಡೆಯಿಂದ ಅಲ್ಲ, ನಿದ್ದೆ ಇಲ್ಲದೆ.

ನಾನು ಹೇಳೋದು 'ಮುಕ್ತಿ ಭವನ್'. ಹಿಂದಿ. ಶುಭಾಶಿಷ್ ಭುಟಿಯಾನಿ ಅಂತ ಚಿಕ್ಕ ವಯಸ್ಸಿನ ಹುಡುಗ ಮಾಡಿದ್ದು, 2016ರಲ್ಲಿ ವೆನಿಸ್‌ನಲ್ಲಿ ತೋರಿಸಿದರು, ಮುಂದಿನ ವರ್ಷ ಇಲ್ಲಿ ಬಂತು. ಅಪ್ಪ ದಯಾಗೆ ಒಂದು ಕನಸು ಬಿದ್ದು, ನನ್ನ ಕಾಲ ಮುಗಿಯಿತು, ಕಾಶಿಗೆ ಹೋಗಿ ಪ್ರಾಣ ಬಿಡುತ್ತೇನೆ ಅಂತ ಊಟದ ಹೊತ್ತಲ್ಲಿ ಹೇಳಿಬಿಡುತ್ತಾನೆ. ಮಗ ರಾಜೀವ್‌ಗೆ ಆಫೀಸಿನಲ್ಲಿ ಟಾರ್ಗೆಟ್. ರಜೆ ಕೇಳಬೇಕು. ಏನಂತ ಕೇಳೋದು? ಅಪ್ಪ ಸಾಯೋಕೆ ಹೋಗುತ್ತಿದ್ದಾರೆ, ಯಾವಾಗ ಅಂತ ಗೊತ್ತಿಲ್ಲ ಅಂತಲಾ? ಆದಿಲ್ ಹುಸೇನ್ ಆ ಮಗನ ಪಾತ್ರ. ಗಂಗೆ ದಡದಲ್ಲಿ ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕೈಯಲ್ಲಿ ಫೋನ್. ಬಾಸ್ ಫೋನ್ ಮಾಡಿದಾಗಲೆಲ್ಲ ಆ ಮುಖ ನೋಡಿ ನಮ್ಮ ಯಜಮಾನರು "ಅಯ್ಯೋ, ಇದು ನಾನೇ" ಅಂತಿದ್ದರು.

ಕಾಶಿಯಲ್ಲಿ ನಿಜವಾಗಿಯೂ ಸಾಯೋಕೆ ಅಂತ ಬರೋರಿಗೆ ತಂಗುಮನೆ ಇದೆ, ಆ ಹೆಸರಿನದೇ. ಸಿನಿಮಾದಲ್ಲಿ ಅಲ್ಲಿ ಹದಿನೈದು ದಿನ ಮಾತ್ರ ಇರಬಹುದು ಅಂತ ರೂಲ್ಸ್. ಅಷ್ಟರಲ್ಲಿ ಪ್ರಾಣ ಹೋಗಲಿಲ್ಲ ಅಂದರೆ ಖಾಲಿ ಮಾಡಬೇಕು. ಅದಕ್ಕೂ ಮ್ಯಾನೇಜರ್ ದಾರಿ ಮಾಡಿದ್ದಾನೆ, ಬೇರೆ ಹೆಸರಲ್ಲಿ ಮತ್ತೆ ಎಂಟ್ರಿ ಮಾಡಿಕೊಳ್ಳುತ್ತಾನೆ. ನಮ್ಮ ಲಾಡ್ಜಿನವರು ಕಲಿಯಬೇಕು. ಅಲ್ಲಿ ವಿಮಲಾ ಅಂತ ಒಬ್ಬರು ಅಜ್ಜಿ, ಗಂಡನ ಜೊತೆ ಸಾಯೋಕೆ ಬಂದವರು. ಗಂಡ ಹೋದರು, ಈಕೆ ಹದಿನೆಂಟು ವರ್ಷದಿಂದ ಕಾಯುತ್ತಾ ಇದ್ದಾರೆ. ಕಾಯುತ್ತಾ ಆರಾಮಾಗಿ ಟಿವಿ ನೋಡಿಕೊಂಡು, ಹೊಸದಾಗಿ ಬಂದವರನ್ನ ವಿಚಾರಿಸಿಕೊಂಡು ಇದ್ದಾರೆ. ಇಡೀ ಸಿನಿಮಾದಲ್ಲಿ ಹೆದರದೆ ಇರೋದು ಆಕೆ ಒಬ್ಬರೇ ಅಂತ ನನಗೆ ಅನ್ನಿಸಿದ್ದು. ಸಾವಿನ ಮನೆಯಲ್ಲಿ ಸಂಸಾರ ಹೂಡಿಬಿಟ್ಟ ಹೆಂಗಸು.

ಜೋರಾಗಿ ನಗೋ ಸಿನಿಮಾ ಅಲ್ಲ ಇದು. ಒಳಗೊಳಗೇ ನಗು ಬರುತ್ತದೆ. ಮನೆಯಲ್ಲಿರೋ ಸೊಸೆ, ಮೊಮ್ಮಗಳಿಗೂ ಅವರದೇ ಆದ ಲೆಕ್ಕಾಚಾರ ಇದೆ, ಬರೀ ಅಳೋಕೆ ಇಟ್ಟಿಲ್ಲ. ಅತ್ತಿಗೆಗೆ ಇಷ್ಟ ಆಗುತ್ತದೆ ನೋಡಿ.

---

ಚನ್ರಾಯಪಟ್ಟಣ ಲೋಕಲ್:

@ರೋಬಸ್ಟಾ, ಪಹಣಿಗೆ ಹೆದರೋದು ಸಾವಿಗೆ ಹೆದರೋದಲ್ಲವಾ ಸಾರ್? ನಲವತ್ತು ದಾಟಿದೋನಿಗೆ ಸಾವಿನ ಭಯ ಅಂದರೆ ಏನು? ಆತ್ಮ ಎಲ್ಲಿಗೆ ಹೋಗುತ್ತೆ ಅಂತ ನಮ್ಮ ಊರಿನಲ್ಲಿ ಯಾರೂ ಕೂತು ಯೋಚನೆ ಮಾಡಲ್ಲ. ನಾನು ಇವತ್ತು ಹೋದರೆ ಸೊಸೈಟಿ ಸಾಲ ಯಾರು ಕಟ್ಟೋದು, ಮಗಳ ಫೀಸು ಏನಾಗುತ್ತೆ, ಬೋರ್‌ವೆಲ್ ಪಾಲಿನ ಗಲಾಟೆ ನನ್ನ ತಮ್ಮ ಹೇಗೆ ಸುಧಾರಿಸುತ್ತಾನೆ, ಇದೇ. ತಮ್ಮಣ್ಣನ ಭಯ ನಿಮ್ಮ ಮಿಕ್ಕಿ ಭಯಕ್ಕಿಂತ ಚಿಕ್ಕದೇನಲ್ಲ. ಮಿಕ್ಕಿ ಕೆಲಸ ಬಿಟ್ಟು ದೇವರನ್ನ ಹುಡುಕಬಹುದು, ತಮ್ಮಣ್ಣನಿಗೆ ಆ ಪುರಸೊತ್ತು ಇಲ್ಲ ಅಷ್ಟೇ.

---

ರೋಬಸ್ಟಾ ಕುಡಿಯೋನು (ಚಿಕ್ಕಮಗಳೂರು):

ಇದನ್ನ ಮಾತ್ರ ಒಪ್ಪಿದೆ. ಆದರೂ ಪುರಸೊತ್ತು ಸಿಕ್ಕಿದ ದಿನ ತಮ್ಮಣ್ಣನೂ ಮಿಕ್ಕಿ ಆಗುತ್ತಾನೆ. ಇಲ್ಲಿ ನೋಡಿ, ಕಾಫಿಗೆ ರೇಟು ಬಂದ ವರ್ಷ ನಮ್ಮ ಪ್ಲಾಂಟರುಗಳೆಲ್ಲ ಮೊದಲು ಮಾಡಿಸಿದ್ದು ಫುಲ್ ಬಾಡಿ ಚೆಕಪ್. ಸಾಲ ಇದ್ದಾಗ ಯಾರಿಗೂ ಎದೆ ನೋಯುತ್ತಿರಲಿಲ್ಲ.

---

ಶಾಂತಿಗ್ರಾಮದವನು:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ 'ತಿಥಿ' ಹಾಕಿದೆ. ಮೂಡಿಗೆರೆ ಅಕ್ಕ ಹೇಳಿದ್ದನ್ನ ಹೆಂಡತಿಗೆ ಓದಿ ಹೇಳಿದೆ, "ಯಾರೋ ಒಬ್ಬರಿಗಾದರೂ ಗೊತ್ತಾಯಿತಲ್ಲ" ಅಂತ ಹೇಳಿ ಕಡಲೆಕಾಯಿ ತಂದು ಕೂತಳು. 'ಮುಕ್ತಿ ಭವನ್' ಮುಂದಿನ ವಾರ ಅಂತ ಅವಳೇ ಫಿಕ್ಸ್ ಮಾಡಿದ್ದಾಳೆ. ಇಂಗ್ಲಿಷಿಂದು ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದಾಗ ಫೋನಿನಲ್ಲಿ ನೋಡುತ್ತೇನೆ.

ಸೆಂಚುರಿ ಗೌಡ ಬೈಯೋದು ಶುರು ಮಾಡಿದ ತಕ್ಷಣ ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇಂಥ ಒಬ್ಬ ನಮ್ಮೂರಲ್ಲೂ ಇದ್ದ ಅಂತ ಅವನ ಬೈಗುಳ ಎಲ್ಲ ನೆನಪು ಮಾಡಿಕೊಂಡು ಹೇಳೋಕೆ ಶುರು ಮಾಡಿದರು, ಮಗಳು ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಗಡ್ಡಪ್ಪ ಅವರಿಗೆ ತುಂಬಾ ಹಿಡಿಸಿಬಿಟ್ಟ. ಅವನು ಕುರಿ ಕಾಯೋರ ಜೊತೆ ರಾತ್ರಿ ಬೆಂಕಿ ಮುಂದೆ ಕೂತು ತನ್ನ ಕಥೆ ಹೇಳೋವಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕಡಲೆಕಾಯಿ ಸುಲಿಯೋದೂ ನಿಂತಿತ್ತು. ಅಲ್ಲಿ ನಗು ಯಾಕೆ ನಿಂತಿತು ಅಂತ ನೋಡಿದವರಿಗೆ ಗೊತ್ತು.

ಆದರೆ ನನಗೆ ಕಷ್ಟ ಬಂದದ್ದು ಬೇರೆ ಕಡೆ. ತಮ್ಮಣ್ಣ ಸಹಿಗೆ ಓಡಾಡೋ ಸೀನಿನಲ್ಲಿ ಅಪ್ಪ "ಒಂದ್ನಿಮಿಷ ನಿಲ್ಲಿಸು" ಅಂದರು. ಬಾತ್‌ರೂಮಿಗೆ ಇರಬೇಕು ಅಂತ ನಿಲ್ಲಿಸಿದೆ. "ನಮ್ಮ ಶಾಂತಿಗ್ರಾಮದ ಜಮೀನು ಯಾರ ಹೆಸರಲ್ಲಿದೆ ಗೊತ್ತೇನೋ?" ಅಂದರು. ನಿಮ್ಮ ಹೆಸರಲ್ಲಿ ಅಲ್ವಾ ಅಂದೆ. "ಇಲ್ಲ ಕಣೋ, ಇನ್ನೂ ನಮ್ಮಪ್ಪನ ಹೆಸರಲ್ಲೇ ಐತೆ" ಅಂತ ಹೇಳಿ, "ಹ್ಞೂಂ, ಈಗ ಹಾಕು" ಅಂದರು. ಉಳಿದ ಸಿನಿಮಾ ನಾನು ಒಬ್ಬನೇ ನಗದೆ ನೋಡಿದೆ. ತಾತ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ.

ಇಲ್ಲಿ ರೆವಿನ್ಯೂ ಕೆಲಸ ಗೊತ್ತಿರೋರು ಯಾರಾದರೂ ಇದ್ದೀರಾ?

---

ಪಹಣಿ ಪುರಾಣ:

ಇದ್ದೇನೆ ಸಾರ್. ಗಾಬರಿ ಬೇಡ, ಸತ್ತವರ ಹೆಸರಲ್ಲಿ ಪಹಣಿ ಇರೋದು ನಿಮ್ಮೊಬ್ಬರದೇ ಅಲ್ಲ, ರಾಜ್ಯದಲ್ಲಿ ಲಕ್ಷಗಟ್ಟಲೆ ಇದೆ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ನಾಡಕಚೇರಿಯಲ್ಲಿ ವಿಚಾರಿಸಿ. ಮುಖ್ಯವಾಗಿ ಬೇಕಾಗೋದು ತಾತನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರ ಆಧಾರ್. ಸಾವನ್ನ ನೋಂದಾಯಿಸಲೇಬೇಕು ಅಂತ 1969ರ ಕಾಯ್ದೆಯಲ್ಲೇ ಇದೆ, ಆದರೆ ಹಳ್ಳಿಯಲ್ಲಿ ಆಗ ಎಷ್ಟು ಜನ ಮಾಡಿಸಿದರು ಹೇಳಿ. ಹಳೇ ಟ್ರಂಕಿನಲ್ಲಿ ಕಾಗದ ಇದ್ದರೆ ನಿಮ್ಮ ಪುಣ್ಯ. ಇಲ್ಲ ಅಂದರೆ ಓಡಾಟ ಜಾಸ್ತಿ, ಆದರೂ ಆಗುತ್ತದೆ. ಅರ್ಜಿ ಕೊಟ್ಟ ಮೇಲೆ ನೋಟಿಸ್ ಆಗುತ್ತದೆ, ಯಾರದಾದರೂ ತಕರಾರು ಇದ್ದರೆ ಆಗ ಬರುತ್ತದೆ.

ದಯವಿಟ್ಟು ತಮ್ಮಣ್ಣನ ಶಾರ್ಟ್‌ಕಟ್ ಮಾತ್ರ ಹಿಡಿಯಬೇಡಿ, ಅದು ಜೈಲಿಗೆ ಹೋಗೋ ದಾರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನ ಬಿಡಬೇಡಿ. ಹೆಚ್ಚು ಜನ ಸಿಕ್ಕಿಹಾಕಿಕೊಳ್ಳೋದೇ ಅಲ್ಲಿ. ನಿಮ್ಮ ಅಪ್ಪನಿಗೆ ಅಕ್ಕತಂಗಿಯರು ಇದ್ದಾರಾ? ಎಷ್ಟು ಜನ?

---

ಶಾಂತಿಗ್ರಾಮದವನು:

ಐದು ಜನ ಅತ್ತೆಯಂದಿರು ಸಾರ್. ಅದರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಲ್ಲ. ತಾತನ ತಿಥಿ ಊಟದಲ್ಲಿ ಶುರುವಾದ ಜಗಳವಂತೆ, ಯಾಕೆ ಅಂತ ಈಗ ಇಬ್ಬರಿಗೂ ನೆನಪಿಲ್ಲ.